14 ತಿಂಗಳ ಗಾಡಿ, ಕಂಪನಿಯ ಸರ್ಟಿಫಿಕೇಟ್ ಇಲ್ಲ: ತಗೋಬಹುದಾ?

ಹೊಸದಾರಿ
ಪೆಟ್ರೋಲ್ ಟರ್ಬೊ ಕಾರು, ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ) ಆಟೋಮ್ಯಾಟಿಕ್. ಮೊದಲ ನೋಂದಣಿಯಾಗಿ 14 ತಿಂಗಳು, ಮೀಟರಿನಲ್ಲಿ 18,200 ಕಿ.ಮೀ. ಮಾರುತ್ತಿರುವುದು ಬೇರೆ ಕಂಪನಿಯ ಡೀಲರು, ಎಕ್ಸ್‌ಚೇಂಜ್‌ಗೆ ಬಂದ ಗಾಡಿ ಅಂತಾರೆ. ಹಳೇ ಗಾಡಿಯನ್ನು ತಪಾಸಣೆ ಮಾಡಿ ಕಂಪನಿ ಕೊಡುವ ಸರ್ಟಿಫಿಕೇಟ್ ಇಲ್ಲ. ಇದೇ ಮಾಡೆಲ್, ಇದೇ ವಯಸ್ಸಿನ ಸರ್ಟಿಫೈಡ್ ಗಾಡಿ ಅದನ್ನು ತಯಾರಿಸಿದ ಕಂಪನಿಯದೇ ಡೀಲರ ಹತ್ತಿರ ಇನ್ನೊಂದಿದೆ. ಹೊಸ ಗಾಡಿಯ ಬೆಲೆ 100 ಅಂತಿಟ್ಟುಕೊಂಡರೆ ಇದಕ್ಕೆ 80 ಕೇಳುತ್ತಿದ್ದಾರೆ, ಸರ್ಟಿಫೈಡ್‌ಗೆ 85. ಕಾರ್ಖಾನೆ ವಾರಂಟಿ 3 ವರ್ಷ ಅಥವಾ 1,00,000 ಕಿ.ಮೀ., ಯಾವುದು ಮೊದಲೋ ಅದು. ಆ 5 ಹೆಚ್ಚಿಗೆ ಕೊಡುವುದು ಸರಿಯಾ, ಇಲ್ಲಾ ಇದನ್ನೇ ತಪಾಸಣೆ ಮಾಡಿಸಿ ತಗೊಳ್ಳಲಾ?

ಲೆಕ್ಕಪಕ್ಕಾ
ಮೊದಲು ಆ 5ರಲ್ಲಿ ಏನೇನಿದೆ ಅಂತ ಬಿಡಿಸಿ ನೋಡಿ. ಕಂಪನಿಯೇ ನಡೆಸುವ ಸರ್ಟಿಫಿಕೇಶನ್‌ನಲ್ಲಿ ಸಿಗುವುದು ಮೂರು: ನೂರಕ್ಕೂ ಹೆಚ್ಚು ಅಂಶಗಳ ತಪಾಸಣೆ, ಸವೆದ ಭಾಗಗಳ ಬದಲಾವಣೆ, ಹೆಚ್ಚುವರಿ ವಾರಂಟಿ. ತೂಕ ಇರುವುದು ಮೂರನೆಯದಕ್ಕೆ. ನಿಮ್ಮ ಗಾಡಿಗೆ ಕಾರ್ಖಾನೆ ವಾರಂಟಿಯೇ ಇನ್ನೂ 22 ತಿಂಗಳು ಬಾಕಿ ಇದೆ. ಅದು ಗಾಡಿಗೆ ಅಂಟಿಕೊಂಡು ಬರುವಂಥದ್ದು, ಮಾರಿದವರು ಯಾರು ಅನ್ನುವುದು ಅದಕ್ಕೆ ಮುಖ್ಯವಲ್ಲ. ಹಾಗಾಗಿ ಮುಂದಿನ 22 ತಿಂಗಳಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಎರಡೂ ಗಾಡಿಗೆ ಸಿಗುವುದು ಒಂದೇ ಉಪಚಾರ. ಸರ್ಟಿಫೈಡ್‌ನಿಂದ ನಿಜವಾಗಿ ಹೆಚ್ಚಿಗೆ ಸಿಗುವುದು ಅದಾದಮೇಲಿನ ವರ್ಷವೋ ಎರಡು ವರ್ಷವೋ.

ಆ ಮೇಲಿನ ವರ್ಷಗಳನ್ನು ಬಿಡಿಯಾಗಿ ಕೊಳ್ಳಲು ಆಗುತ್ತದಾ ಕೇಳಿ. ಮೂಲ ವಾರಂಟಿ ಚಾಲ್ತಿಯಲ್ಲಿ ಇರುವವರೆಗೆ ಎಕ್ಸ್‌ಟೆಂಡೆಡ್ ವಾರಂಟಿ ಮಾರುವ ಕಂಪನಿಗಳು ಬಹಳ. ಅದಕ್ಕೆ 2 ಬಿತ್ತು, ತಪಾಸಣೆಗೆ ಅರ್ಧ ಬಿತ್ತು ಅಂದರೆ ಒಟ್ಟು 82.5. ಉಳಿದ 2.5 ಹೋಗುವುದು ಡೀಲರ ಸಹಿಗೆ. ಆ ಸಹಿ ಅಷ್ಟು ಬಾಳುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ಇನ್ನೊಂದು, ‘ಸರ್ಟಿಫೈಡ್’ ಅಂತ ಸ್ಟಿಕರ್ ಅಂಟಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಡೀಲರು ತಾನೇ ಕೊಟ್ಟುಕೊಂಡ ಸರ್ಟಿಫಿಕೇಟಿಗೂ ಕಂಪನಿ ಹೊಣೆ ಹೊರುವ ಸರ್ಟಿಫಿಕೇಟಿಗೂ ಅಜಗಜಾಂತರ. ಹೆಚ್ಚುವರಿ ವಾರಂಟಿಯ ಪತ್ರದಲ್ಲಿ ಹೊಣೆಗಾರರು ಅಂತ ಯಾರ ಹೆಸರಿದೆ ಅನ್ನುವುದನ್ನು ಓದಿ. ಬ್ರೇಕ್ ಪ್ಯಾಡ್, ಟೈರು, ವೈಪರ್, ಕ್ಲಚ್ ಪ್ಲೇಟ್ ಇವುಗಳಿಗೆ ಬಹುಪಾಲು ಕಾರ್ಖಾನೆ ವಾರಂಟಿ, ಹೆಚ್ಚುವರಿ ವಾರಂಟಿ ಎರಡರಲ್ಲೂ ರಕ್ಷಣೆ ಇರುವುದಿಲ್ಲ.

ನಿಧಾನಗಾಡಿ
ಲೆಕ್ಕ ಒಪ್ಪಿದೆ, ಆದರೆ ಒಂದು ಹೆಜ್ಜೆ ಬಿಟ್ಟಿದ್ದೀರಿ. ವಾರಂಟಿ ಗಾಡಿಗೆ ಅಂಟಿಕೊಂಡಿದೆ ಅಂತ ಯಾರು ಖಾತ್ರಿಪಡಿಸಿದರು? ಡೀಲರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಚಾಸಿ ನಂಬರ್ ಬರೆದುಕೊಂಡು ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ನಾಲ್ಕು ವಿಷಯ ಕೇಳಿ: ವಾರಂಟಿ ಶುರುವಾದ ತಾರೀಖು, ವಾರಂಟಿಗೆ ಯಾವುದಾದರೂ ತಡೆ ಬಿದ್ದಿದೆಯಾ, ರೀಕಾಲ್ ಕೆಲಸ (ದೋಷ ಇದೆ ಅಂತ ಕಂಪನಿಯೇ ಗಾಡಿ ವಾಪಸ್ ಕರೆದು ಮಾಡುವ ರಿಪೇರಿ) ಬಾಕಿ ಇದೆಯಾ, ಅವರ ಕಂಪ್ಯೂಟರಿನಲ್ಲಿ ಯಾವ ಯಾವ ಸರ್ವಿಸ್ ದಾಖಲಾಗಿದೆ. ಪುಸ್ತಕದ ಸೀಲು ನಂಬಬೇಡಿ, ಕಂಪ್ಯೂಟರಿನ ದಾಖಲೆ ನೋಡಿ.

ಶುರುವಿನ ತಾರೀಖು ಯಾಕೆ ಮುಖ್ಯ ಅಂದರೆ, ವಾರಂಟಿ ಎಣಿಸುವುದು ಮೊದಲ ಮಾರಾಟ ಅಥವಾ ಮೊದಲ ನೋಂದಣಿಯಿಂದ. ಡೆಮೊ ಗಾಡಿಯಾಗಿ ಷೋರೂಮಿನಲ್ಲೇ ಆರು ತಿಂಗಳು ಓಡಿದ್ದರೆ ಆ ಆರು ತಿಂಗಳು ಆಗಲೇ ಖರ್ಚಾಗಿರುತ್ತದೆ. ಬಾಡಿಗೆಗೆ ಓಡಿದ ಗಾಡಿಗೆ ಕೆಲವು ಕಂಪನಿಗಳಲ್ಲಿ ವಾರಂಟಿ ಅವಧಿಯೇ ಕಡಿಮೆ. ವಿಮೆಯವರು ಟೋಟಲ್ ಲಾಸ್ (ರಿಪೇರಿ ಗಿಟ್ಟುವುದಿಲ್ಲ) ಅಂತ ಬರೆದ ಗಾಡಿಗೆ ಸಾಮಾನ್ಯವಾಗಿ ವಾರಂಟಿ ರದ್ದು. ಮಾಲೀಕರು ಬದಲಾದಾಗ ಇಂತಿಷ್ಟು ದಿನದೊಳಗೆ ವರ್ಗಾವಣೆ ಅರ್ಜಿ ಕೊಡಬೇಕೆಂಬ ನಿಯಮವೂ ಕೆಲವು ಕಡೆ ಇದೆ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು: ಈ ಗಾಡಿಗೆ ಸರ್ಟಿಫಿಕೇಟ್ ಯಾಕಿಲ್ಲ? ಬೇರೆ ಕಂಪನಿಯ ಡೀಲರಿಗೆ ಅದನ್ನು ಕೊಡುವ ಅಧಿಕಾರವೇ ಇಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ಕಾರಣ ಸರಳವಾಗಿಯೇ ಇರಬಹುದು. ಇದೇ ಗಾಡಿ ಅದೇ ಕಂಪನಿಯ ಡೀಲರ ಅಂಗಳದಲ್ಲಿ ಸರ್ಟಿಫಿಕೇಟ್ ಇಲ್ಲದೆ ನಿಂತಿದ್ದರೆ ಮಾತ್ರ ಎಚ್ಚರ ಹೆಚ್ಚಬೇಕು. ಕೊಡಲು ಅಧಿಕಾರ ಇದ್ದೂ ಕೊಟ್ಟಿಲ್ಲ ಅಂದರೆ, ಖರ್ಚು ಗಿಟ್ಟುವುದಿಲ್ಲ ಅಂತ ಬಿಟ್ಟಿರಬೇಕು, ಇಲ್ಲಾ ಗಾಡಿ ತಪಾಸಣೆಯಲ್ಲಿ ನಪಾಸಾಗಿರಬೇಕು.

ಬಣ್ಣದಮನೆ
ವರ್ಷದ ಗಾಡಿಯಲ್ಲಿ ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳುವವರೇ ಎಲ್ಲ. ಎಂಜಿನ್ ವಾರಂಟಿಯಲ್ಲಿದೆ. ಸವೆಯುವ ಭಾಗಗಳನ್ನು ಬಿಟ್ಟರೆ ವಾರಂಟಿಗೆ ಬಾರದ ದೊಡ್ಡ ವಿಷಯ ಎರಡು, ಪೆಟ್ಟು ಮತ್ತು ನೀರು. ನಿಮ್ಮ ತಪಾಸಣೆಯ ಮುಕ್ಕಾಲು ಪಾಲು ಸಮಯ ಅಲ್ಲಿಗೇ ಹೋಗಲಿ.

ಪೇಂಟ್ ಗೇಜ್ (ಬಣ್ಣದ ಪದರದ ದಪ್ಪ ಅಳೆಯುವ ಸಾಧನ) ಇಟ್ಟುಕೊಂಡು ಹೋಗಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 160 ಮೈಕ್ರಾನ್. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಒಂದು ಪ್ಯಾನೆಲ್‌ಗೂ ಪಕ್ಕದ್ದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಮಾತಾಡುತ್ತದೆ. ಛಾವಣಿಯಲ್ಲಿ ಶುರುಮಾಡಿ, ಅದಕ್ಕೆ ಬಣ್ಣ ಹೊಡೆಸುವ ಪ್ರಸಂಗ ಕಡಿಮೆ, ಆ ಅಂಕಿಯೇ ನಿಮ್ಮ ಅಳತೆಗೋಲು. ಒಂದೊಂದು ಪ್ಯಾನೆಲ್‌ಗೆ ಐದು ಕಡೆ ಹಿಡಿಯಿರಿ: ನಾಲ್ಕು ಮೂಲೆ, ಒಂದು ನಡುವೆ. 200 ದಾಟಿದರೆ ಮತ್ತೆ ಬಣ್ಣ ಕಂಡಿದೆ. 500 ದಾಟಿದರೆ ಒಳಗೆ ಪುಟ್ಟಿ ಕೂತಿದೆ ಅಂತಲೇ ಇಟ್ಟುಕೊಳ್ಳಿ. ಬಂಪರ್ ಪ್ಲಾಸ್ಟಿಕ್, ಗೇಜ್ ಅಲ್ಲಿ ಓದುವುದಿಲ್ಲ. ಬಾನೆಟ್ ಅಲ್ಯೂಮಿನಿಯಮ್ ಆಗಿದ್ದರೆ ಬರೀ ಉಕ್ಕಿಗೆ ಓದುವ ಅಗ್ಗದ ಗೇಜ್ ಉಪಯೋಗಕ್ಕೆ ಬಾರದು, ಎರಡೂ ಲೋಹಕ್ಕೆ ಓದುವುದು ಬೇಕು.

ಗೇಜ್ ಸಿಗದಿದ್ದರೆ ಕಣ್ಣು ಸಾಕು. ಬಾನೆಟ್ ಎತ್ತಿ ಫೆಂಡರ್ ಬೋಲ್ಟುಗಳ ತಲೆ ನೋಡಿ. ಕಾರ್ಖಾನೆಯಲ್ಲಿ ಬಹುಪಾಲು ಗಾಡಿಗಳಲ್ಲಿ ಬೋಲ್ಟ್ ಬಿಗಿದ ಮೇಲೆ ಬಣ್ಣ, ಹಾಗಾಗಿ ತಲೆಯ ಆರೂ ಮೂಲೆಯಲ್ಲಿ ಬಣ್ಣ ಒಡೆಯದೆ ಇರುತ್ತದೆ. ಸ್ಪ್ಯಾನರ್ ಬಿದ್ದಿದ್ದರೆ ಮೂಲೆಗಳಲ್ಲಿ ಲೋಹ ಮಿಂಚುತ್ತದೆ, ವಾಷರ್ ಜರುಗಿ ಪಕ್ಕದಲ್ಲಿ ಚಂದ್ರನ ಹಾಗೆ ಒಂದು ಗುರುತು ಬಿದ್ದಿರುತ್ತದೆ. ಬಾಗಿಲಿನ ಹಿಂಜ್, ಡಿಕ್ಕಿ ಹಿಂಜ್‌ಗೂ ಇದೇ ಪರೀಕ್ಷೆ. ಬಾಗಿಲಿನ ಒಳಅಂಚಿನ ಸೀಲರ್ ಮೇಲೆ ಬೆರಳಾಡಿಸಿ. ರೋಬೋ ಹಾಕಿದ್ದು ಒಂದೇ ಅಗಲ, ಒಂದೇ ಎತ್ತರ. ಕೈಯಲ್ಲಿ ಹಾಕಿದ್ದು ಅಲ್ಲಲ್ಲಿ ಉಬ್ಬಿರುತ್ತದೆ. ರಬ್ಬರ್ ಬೀಡಿಂಗ್ ಎಳೆದು ಅದರ ಕೆಳಗೆ ಬಣ್ಣದ ಅಂಚು ಕಾಣುತ್ತದಾ ನೋಡಿ.

ಸೀಟ್‌ಬೆಲ್ಟ್ ಪೂರ್ತಿ ಎಳೆದರೆ ಬುಡದಲ್ಲಿ ಒಂದು ಲೇಬಲ್, ಅದರ ಮೇಲೆ ತಯಾರಾದ ತಾರೀಖು ಇರುವುದುಂಟು. ಗಾಡಿ ತಯಾರಾದ ತಿಂಗಳಿಗಿಂತ ಆಮೇಲಿನದಾಗಿದ್ದರೆ ಬೆಲ್ಟ್ ಬದಲಾಗಿದೆ, ಅಂದರೆ ಏರ್‌ಬ್ಯಾಗ್ ಬಿಚ್ಚುವ ಮಟ್ಟದ ಪೆಟ್ಟು ಬಿದ್ದಿರಬಹುದು. ಗಾಜುಗಳ ಮೂಲೆಯ ಗುರುತೂ ಹಾಗೆಯೇ, ಐದಾರು ಗಾಜಿನಲ್ಲಿ ಒಂದು ಮಾತ್ರ ಬೇರೆ ವರ್ಷದ್ದಾದರೆ ಕಾರಣ ಕೇಳಿ. ಮುಂದಿನ ಗಾಜು ಬದಲಾಗಿ, ಅದರ ಹಿಂದೆ ಕ್ಯಾಮೆರಾ ಇದ್ದರೆ ಕ್ಯಾಲಿಬ್ರೇಶನ್ ಮಾಡಿದ (ಕ್ಯಾಮೆರಾ ಮತ್ತೆ ಹೊಂದಿಸಿದ) ಚೀಟಿ ಬೇಕೇ ಬೇಕು.

ನೀರಿಗೆ: ಸ್ಟೆಪ್ನಿ ಎತ್ತಿ ಗುಂಡಿಯ ತಳ ನೋಡಿ. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ ರೈಲಿನ ಬೋಲ್ಟಿನಲ್ಲಿ ತುಕ್ಕು ಇದೆಯಾ ನೋಡಿ, 14 ತಿಂಗಳ ಗಾಡಿಯ ಒಳಗೆ ತುಕ್ಕು ಬರುವಂತಿಲ್ಲ. ಕಾರ್ಪೆಟ್ ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ, ಪೆಡಲ್ ಹತ್ತಿರದ ಅಂಚು ಎತ್ತಿ ಒತ್ತಿ ನೋಡಿ. ಸೀಟಿನ ಕೆಳಗಿನ ಕನೆಕ್ಟರ್ ಪಿನ್ನುಗಳಲ್ಲಿ ಹಸಿರು ಪುಡಿ ಕಂಡರೆ ಮಾತು ಅಲ್ಲಿಗೇ ಮುಗಿಸಿ. ನೀರು ಕುಡಿದ ವೈರಿಂಗ್ ಇವತ್ತು ಸರಿ, ಆರು ತಿಂಗಳಿಗೆ ಒಂದು ಸೆನ್ಸರ್, ಎಂಟು ತಿಂಗಳಿಗೆ ಇನ್ನೊಂದು, ಹೀಗೆ ಹೋಗುತ್ತಾ ಇರುತ್ತದೆ.

ಸ್ಕ್ಯಾನರ್‌ಕೈ
ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಹಾಕಿ ‘ಕೋಡ್ ಇಲ್ಲ’ (ದೋಷದ ಸಂಕೇತ ಇಲ್ಲ) ಅಂತ ಬಂದ ತಕ್ಷಣ ಖುಷಿಪಡಬೇಡಿ. ಕೋಡ್ ಅಳಿಸಲು ಹತ್ತು ಸೆಕೆಂಡ್ ಸಾಕು. ನೋಡಬೇಕಾದದ್ದು ರೆಡಿನೆಸ್ ಮಾನಿಟರ್, ಅಂದರೆ ಗಾಡಿ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅನ್ನುವ ಸ್ಥಿತಿ. ಕೋಡ್ ಅಳಿಸಿದಾಗ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಇವ್ಯಾಪ್ (ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ) ಮುಂತಾದ ಮಾನಿಟರುಗಳೂ ‘ಅಪೂರ್ಣ’ಕ್ಕೆ ಬೀಳುತ್ತವೆ. ಮತ್ತೆ ಪೂರ್ತಿಯಾಗಲು ತಣ್ಣನೆ ಸ್ಟಾರ್ಟ್, ಸ್ಥಿರ ವೇಗದ ಓಟ ಎಲ್ಲ ಸೇರಿ ಕೆಲವು ದಿನವೇ ಬೇಕಾಗುತ್ತದೆ. ಮೂರ್ನಾಲ್ಕು ಮಾನಿಟರ್ ಅಪೂರ್ಣ ಇದ್ದರೆ ನೀವು ಬರುವ ಮುಂಚೆ ಯಾರೋ ಅಳಿಸಿದ್ದಾರೆ, ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಇವ್ಯಾಪ್ ಒಂದೇ ಅಪೂರ್ಣ ಇದ್ದರೆ ಅನುಮಾನ ಬೇಡ, ಟ್ಯಾಂಕ್ ತೀರಾ ತುಂಬಿದ್ದರೆ ಅಥವಾ ಬರಿದಾಗಿದ್ದರೆ ಅದು ನಡೆಯುವುದೇ ಇಲ್ಲ.

ಅದರ ಜೊತೆಗೆ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಅಂತ ಒಂದು ಅಂಕಿ ಸಿಗುತ್ತದೆ. ಮೀಟರಿನಿಂದ ಅದನ್ನು ಕಳೆದರೆ ಎಷ್ಟು ಕಿ.ಮೀ.ಗೆ ಅಳಿಸಿದರು ಅಂತ ಗೊತ್ತಾಗುತ್ತದೆ. ಸರ್ವಿಸ್ ದಾಖಲೆಗೆ ಹೊಂದಿದರೆ ಸಮಾಧಾನ.

ಎಂಜಿನ್ ಓಡಿದ ಗಂಟೆ ತೋರಿಸುವ ಗಾಡಿಯಾದರೆ ಅದನ್ನೂ ಬರೆದುಕೊಳ್ಳಿ. ಕಿ.ಮೀ.ಯನ್ನು ಗಂಟೆಯಿಂದ ಭಾಗಿಸಿ. 25ರಿಂದ 45 ಬಂದರೆ ಸಾಮಾನ್ಯ ಓಡಾಟ. 12, 15 ಬಂದರೆ ನಿಂತಲ್ಲೇ ಬಹಳ ಉರಿದಿದೆ, 18,000 ಕಿ.ಮೀ. ಅಂತ ತೋರಿಸಿದರೂ ಎಂಜಿನ್ನಿನ ವಯಸ್ಸು ಅದಕ್ಕಿಂತ ಜಾಸ್ತಿ. ಗಂಟೆಗೆ ಹೋಲಿಸಿದರೆ ಕಿ.ಮೀ. ಅಸಾಧ್ಯವಾಗಿ ಕಡಿಮೆ ಅನಿಸಿದರೆ ಮೀಟರ್ ತಿರುಗಿಸಿದ ಸಾಧ್ಯತೆಯನ್ನೂ ಲೆಕ್ಕಕ್ಕೆ ತಗೊಳ್ಳಿ, ಮಿಕ್ಕ ಮಾಡ್ಯೂಲುಗಳಲ್ಲಿ (ಗಾಡಿಯ ಬೇರೆ ಬೇರೆ ಭಾಗಗಳ ಕಂಪ್ಯೂಟರುಗಳಲ್ಲಿ) ದಾಖಲಾದ ಕಿ.ಮೀ. ಓದಿಸಿ.

ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಹತ್ತಲೇ ಇಲ್ಲ ಅಂದರೆ ದೀಪವನ್ನೇ ಸುಮ್ಮನಾಗಿಸಿರಬಹುದು.

ಹೊಸದಾರಿ
ಚಾಸಿ ನಂಬರ್ ಎಲ್ಲೆಲ್ಲಿ ಹೊಂದಿಸಿ ನೋಡಬೇಕು? ಇನ್ನೊಂದು, ಗಾಡಿಯನ್ನು ಹೊರಗಿನ ಗ್ಯಾರೇಜಿಗೆ ಒಯ್ಯಲು ಡೀಲರು ಹಿಂದೆಮುಂದೆ ನೋಡುತ್ತಿದ್ದಾರೆ, ‘ನಮ್ಮ ಮೆಕ್ಯಾನಿಕ್ಕೇ ತೋರಿಸ್ತಾನೆ’ ಅಂತಾರೆ.

ನಟ್ಟುಬೋಲ್ಟು
ನಂಬರ್ 17 ಅಕ್ಷರ-ಅಂಕಿ, ಅದರಲ್ಲಿ ಐ, ಓ, ಕ್ಯೂ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಗಾಜಿನ ಬುಡ, ಡ್ರೈವರ್ ಬಾಗಿಲ ಕಂಬದ ಸ್ಟಿಕರ್, ಬಾಡಿ ಮೇಲೆ ಕೊರೆದದ್ದು, ನೋಂದಣಿ ಪತ್ರ, ಸ್ಕ್ಯಾನರಿನಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೇಳುವುದು. ಇವುಗಳಲ್ಲಿ ನಿಮ್ಮ ಗಾಡಿಗೆ ಇರುವಷ್ಟೂ ಒಂದೇ ಆಗಿರಬೇಕು. ಕೊರೆದ ಜಾಗದ ಸುತ್ತ ಉಜ್ಜಿದ ಗುರುತು ಇರಬಾರದು. ಸಾಲ ಬಾಕಿ ಇದೆಯಾ ಅನ್ನುವುದನ್ನೂ ಅದೇ ಸಲ ನೋಡಿ, ತೀರಿದ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಹೊರಗಿನ ತಪಾಸಣೆಗೆ ಬಿಡದಿದ್ದರೆ ಆ ಗಾಡಿ ಬಿಟ್ಟುಬಿಡಿ ಸರ್. ಸರ್ಟಿಫಿಕೇಟ್ ಇಲ್ಲದ ಗಾಡಿಗೆ ಆ ತಪಾಸಣೆಯೇ ಸರ್ಟಿಫಿಕೇಟ್. ವಿಮೆಯ ತಕರಾರು ಇದ್ದರೆ ಅವರ ಡ್ರೈವರೇ ಓಡಿಸಿಕೊಂಡು ಬರಲಿ, ನೀವು ಪಕ್ಕದಲ್ಲಿ ಕೂರಿ.

ಓಡಿಸಿ ನೋಡುವ ದಿನ ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ಟರ್ಬೊ ಹೊಗೆ, ಚೈನ್ ಕಿಟಕಿಟ, ಗೇರಿನ ಒದೆತ, ಎಲ್ಲ ಬಯಲಾಗುವುದು ತಣ್ಣನೆ ಸ್ಟಾರ್ಟಿನ ಮೊದಲ ನಿಮಿಷದಲ್ಲೇ. ಡ್ಯುಯಲ್ ಕ್ಲಚ್‌ನಲ್ಲಿ ಹುಡುಕಬೇಕಾದದ್ದು ನಡುಕ. ಎಂಜಿನ್ ಕಾದಮೇಲೆ ಸಣ್ಣ ಏರಿನಲ್ಲಿ ಆಕ್ಸಿಲರೇಟರ್ ಅತಿ ಕಡಿಮೆ ಒತ್ತಿ, ನಡಿಗೆಯ ವೇಗದಲ್ಲಿ ಹತ್ತಿಸಿ. ಒಂದರಿಂದ ಎರಡಕ್ಕೆ ಹೋಗುವಾಗ ಸೀಟಿಗೆ ಬಡಿಯುವಂಥ ಅದುರು ಬಂದರೆ ಕ್ಲಚ್ ಪ್ಲೇಟು ಬಿಸಿ ತಿಂದಿದೆ. ಟ್ರಾಫಿಕ್‌ನಲ್ಲಿ ಬ್ರೇಕ್ ಅರ್ಧ ಬಿಟ್ಟು ಅರ್ಧ ಹಿಡಿದು ತೆವಳಿಸುವವರ ಗಾಡಿಯಲ್ಲಿ ಇದು ಬೇಗ ಬರುತ್ತದೆ, ಅದರಲ್ಲೂ ಆಯಿಲ್ ಇಲ್ಲದ ಡ್ರೈ ಕ್ಲಚ್‌ನಲ್ಲಿ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಖು ಇದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮಯದ್ದಾಗಿರಬೇಕು. ಹೊಸ ಟೈರಿನ ಆಳ ಸುಮಾರು 8 ಮಿ.ಮೀ., 18,000ಕ್ಕೆ 5ರಿಂದ 6 ಉಳಿದಿರಬೇಕು. ಇಷ್ಟು ಕಡಿಮೆ ಓಡಿದ ಗಾಡಿಗೆ ನಾಲ್ಕೂ ಹೊಚ್ಚಹೊಸ ಟೈರು ಹಾಕಿದ್ದರೆ ಸಂತೋಷಪಡುವ ಮುಂಚೆ ಮೀಟರ್ ಮೇಲೆ ಅನುಮಾನ ಪಡಿ. ಬ್ರೇಕ್ ಪ್ಯಾಡ್ ಹೊಸದು 10-12 ಮಿ.ಮೀ., 3ಕ್ಕೆ ಬಂದರೆ ಬದಲಿಸುವ ಕಾಲ.

ಕೊನೆಗೆ ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಮೆಷಿನ್ ಮೇಲೆ ಹತ್ತಿಸಿ, ಸರಿಪಡಿಸುವ ಮುಂಚಿನ ಪ್ರಿಂಟ್ ತಗೊಳ್ಳಿ. ಪೆಟ್ಟನ್ನು ಬಣ್ಣದಲ್ಲಿ ಮುಚ್ಚಬಹುದು, ಇಲ್ಲಿ ಆಗುವುದಿಲ್ಲ.

ವಿದ್ಯುತ್‌ಗಾಲಿ
ಇದೇ ಪ್ರಶ್ನೆ ಎಲೆಕ್ಟ್ರಿಕ್ ಗಾಡಿಗೆ ಇಟ್ಟುಕೊಂಡು ಓದುವವರಿಗೆ ಎರಡು ಮಾತು. ಬಹಳಷ್ಟು ಕಂಪನಿಗಳು ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಸಾಮಾನ್ಯವಾಗಿ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಅನ್ವಯ. ಹಾಗಾಗಿ ಅಲ್ಲಿ ಸರ್ಟಿಫಿಕೇಟಿನ ಬೆಲೆ ಇನ್ನೂ ಕಡಿಮೆ. ಆದರೆ ತಳಕ್ಕೆ ಪೆಟ್ಟು ಬಿದ್ದ ಬ್ಯಾಟರಿಗೆ ಆ ವಾರಂಟಿ ನಿಲ್ಲುವುದಿಲ್ಲ. ಲಿಫ್ಟ್ ಮೇಲೆತ್ತಿ ಪೆಟ್ಟಿಗೆಯ ತಳದಲ್ಲಿ ಉಜ್ಜು, ತಗ್ಗು ಇದೆಯಾ ನೋಡಿ. ಡ್ಯಾಶ್‌ಬೋರ್ಡ್ ತೋರಿಸುವ ರೇಂಜ್ ನಂಬಬೇಡಿ, ಅದು ಹಿಂದಿನ ಕೆಲವು ಓಟಗಳ ಅಂದಾಜು. ಬ್ಯಾಟರಿ ಆರೋಗ್ಯದ ವರದಿ ಸರ್ವಿಸ್ ಸೆಂಟರಿನಿಂದಲೇ ಬರಲಿ.

ಹೊಸದಾರಿ
ಡೀಲರು ಒಪ್ಪಿದರು, ತಪಾಸಣೆ ಆಯಿತು. ಅಂಕಿಗಳು ಇಲ್ಲಿವೆ. ಛಾವಣಿ 108. ಮಿಕ್ಕೆಲ್ಲ ಪ್ಯಾನೆಲ್ 102ರಿಂದ 125. ಬಲಗಡೆ ಹಿಂದಿನ ಬಾಗಿಲು 240-270, ಅದರ ಹಿಂದಿನ ಕ್ವಾರ್ಟರ್ ಪ್ಯಾನೆಲ್ ಚಕ್ರದ ಕಮಾನಿನ ಹತ್ತಿರ 310, ಮೇಲಕ್ಕೆ ಹೋದಂತೆ 190. ಮೂರು ಟೈರು 4023, ಬಲ ಹಿಂದಿನದು ಮಾತ್ರ 2224. ಮಾನಿಟರ್ ಎಲ್ಲ ಪೂರ್ಣ, ಕೋಡ್ ಅಳಿಸಿ 8,300 ಕಿ.ಮೀ. ಎಂಜಿನ್ ಗಂಟೆ 610. ಸರ್ವಿಸ್ ಒಂದು, 9,800ಕ್ಕೆ. ವಾರಂಟಿಗೆ ತಡೆ ಇಲ್ಲ, ರೀಕಾಲ್ ಇಲ್ಲ. ತಣ್ಣನೆ ಸ್ಟಾರ್ಟ್, ಗೇರು ಎರಡೂ ಸರಿ. ನೀರಿನ ಗುರುತಿಲ್ಲ.
ಅಲೈನ್‌ಮೆಂಟ್ ಪ್ರಿಂಟ್: ಹಿಂದಿನ ಚಕ್ರಗಳ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ) ಎಡ -1.4°, ಬಲ -2.1°. ಕಂಪನಿ ಮಿತಿ -0.9°ರಿಂದ -1.9°. ಮುಂದಿನ ಚಕ್ರಗಳದೆಲ್ಲ ಹಸಿರು (ಮಿತಿಯೊಳಗೆ).

ಸ್ಕ್ಯಾನರ್‌ಕೈ
18,200ರಲ್ಲಿ 8,300 ಕಳೆದರೆ 9,900. ಸರ್ವಿಸ್ 9,800ಕ್ಕೆ. ಅಂದರೆ ಕೋಡ್ ಅಳಿಸಿದ್ದು ಸರ್ವಿಸಿನ ಆಸುಪಾಸಿನಲ್ಲೇ, ಬಹುಶಃ ಬಾಡಿ ಕೆಲಸವೂ ಆಗಲೇ ಆಗಿದೆ. ಆ ಸಮಯದ ಜಾಬ್‌ಕಾರ್ಡ್ ಮತ್ತು ವಿಮೆ ಕ್ಲೇಮಿನ ದಾಖಲೆ ಕೇಳಿ. ಗಂಟೆಗೆ ಸರಾಸರಿ 30 ಕಿ.ಮೀ. ಬರುತ್ತದೆ, ಮೀಟರ್ ಬಗ್ಗೆ ತಕರಾರಿಲ್ಲ.

ಬಣ್ಣದಮನೆ
310ರಿಂದ 190ಕ್ಕೆ ಇಳಿದಿರುವುದು ಒಳ್ಳೆಯದೇ. ಕಮಾನಿನ ಹತ್ತಿರ ಕೆಲಸ ಮಾಡಿ ಮೇಲಕ್ಕೆ ಬಣ್ಣ ಬೆರೆಸಿದ್ದಾರೆ, ಪ್ಯಾನೆಲ್ ಕತ್ತರಿಸಿ ಬೆಸುಗೆ ಹಾಕಿದಂತಿಲ್ಲ. ಬಾಗಿಲಿಗೆ ಬರೀ ಬಣ್ಣ. ಇಷ್ಟೇ ಆಗಿದ್ದರೆ ನಾನು ಮುಖ ತಿರುಗಿಸುತ್ತಿರಲಿಲ್ಲ. ಆದರೆ ಬಾಗಿಲು, ಕಮಾನು, ಅದೇ ಮೂಲೆಯ ಟೈರು, ಅದೇ ಮೂಲೆಯ ಕ್ಯಾಂಬರ್, ನಾಲ್ಕೂ ಒಂದೇ ಕಡೆ ಬೆರಳು ಮಾಡುತ್ತಿವೆ. ಪೆಟ್ಟು ಬಿದ್ದದ್ದು ಚಕ್ರಕ್ಕೆ.

ನಟ್ಟುಬೋಲ್ಟು
ಹಿಂದುಗಡೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರ ಜೋಡಿಸುವ ಅಡ್ಡ ತೊಲೆ) ಆಗಿದ್ದರೆ ಅಲ್ಲಿ ಕ್ಯಾಂಬರ್ ತಿದ್ದಲು ತಿರುಪೇ ಇಲ್ಲ. 0.7° ವ್ಯತ್ಯಾಸ ಅಂದರೆ ಬೀಮ್ ಅಥವಾ ಅದರ ತುದಿಯ ಸ್ಟಬ್ ಆಕ್ಸಲ್ (ಚಕ್ರ ಕೂರುವ ಸಣ್ಣ ಅಚ್ಚು) ಬಾಗಿದೆ. ಸ್ಟಬ್ ಬಿಚ್ಚಿ ಬದಲಿಸುವಂಥದ್ದಾದರೆ ಸಣ್ಣ ಕೆಲಸ, ಬೀಮ್ ಬಾಗಿದ್ದರೆ ಅದನ್ನೇ ಬದಲಿಸಬೇಕು. ಶಿಮ್ (ತೆಳು ಲೋಹದ ಬಿಲ್ಲೆ) ತುರುಕಿ ಅಂಕಿ ಹಸಿರು ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ, ಬಾಗಿದ ಲೋಹ ಹಾಗೇ ಉಳಿಯುತ್ತದೆ. ಹೀಗೇ ಓಡಿಸಿದರೆ ಬಲ ಟೈರಿನ ಒಳಅಂಚು ಬೇಗ ಸವೆಯುತ್ತದೆ, ಆ ಪೆಟ್ಟಿನಲ್ಲೇ ನಲುಗಿದ ಬೇರಿಂಗ್ ವೇಗ 60 ದಾಟಿದಾಗ ಗುಂಯ್ ಅನ್ನಲು ಶುರುಮಾಡಬಹುದು. ವಾರಂಟಿಗೆ ಹೋದರೆ ಪೆಟ್ಟಿನಿಂದ ಆದದ್ದು ಅಂತ ತಿರಸ್ಕರಿಸುತ್ತಾರೆ, ಅವರ ಮಾತು ಸರಿಯೂ ಹೌದು.

ಲೆಕ್ಕಪಕ್ಕಾ
ಹಾಗಾದರೆ 80 ಇನ್ನು 80 ಅಲ್ಲ. ಬೀಮ್, ಬೇರಿಂಗ್, ಕೂಲಿ, ಅಲೈನ್‌ಮೆಂಟ್ ಸೇರಿಸಿ ಲಿಖಿತ ಅಂದಾಜು ಪಟ್ಟಿ ತಗೊಳ್ಳಿ. ಅದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿಯ 2, ತಪಾಸಣೆಯ ಅರ್ಧ ಕೂಡಿಸಿ. ಮುಂದೆ ನೀವು ಮಾರುವಾಗ ಇನ್ನೊಬ್ಬರು ಇದೇ ಗೇಜ್ ಹಿಡಿಯುತ್ತಾರೆ, ಅದಕ್ಕೂ ಒಂದು 2 ಸೇರಿಸಿ. ಎಲ್ಲ ಸೇರಿ 85 ಮುಟ್ಟಿದರೆ ಸರ್ಟಿಫೈಡ್ ಕಡೆ ಹೊರಡಿ.

ಇದನ್ನೇ ತಗೊಳ್ಳುವುದಾದರೆ ಮೊದಲು ಅವರೇ ಹೊಸ ಭಾಗ ಹಾಕಿಸಲಿ, ಹಳೇ ಭಾಗ ನಿಮಗೆ ತೋರಿಸಲಿ, ಮತ್ತೆ ಪ್ರಿಂಟ್ ತೆಗೆಯಿರಿ, ಆಮೇಲೆ ಹಣ. ಮುಂಗಡ ಕೊಡುವ ಚೀಟಿಯಲ್ಲಿ ಮೂರು ಸಾಲು ಇರಲಿ: ಮೀಟರಿನ ಕಿ.ಮೀ. ನಿಜವಾದದ್ದು, ಪ್ರವಾಹಕ್ಕಾಗಲಿ ಟೋಟಲ್ ಲಾಸ್‌ಗಾಗಲಿ ಗುರಿಯಾಗಿಲ್ಲ, ಹಿಂದಿನ ಕ್ಯಾಂಬರ್ ಎರಡೂ ಕಡೆ ಮಿತಿಯೊಳಗೆ ಬಾರದಿದ್ದರೆ ಮುಂಗಡ ಪೂರ್ತಿ ವಾಪಸ್.

ಹೊಸದಾರಿ
ಕೇಳಿದೆ. ಬೀಮ್ ಬದಲಿಸಲು ಒಪ್ಪುತ್ತಿಲ್ಲ, ಬೆಲೆ 78ಕ್ಕೆ ಇಳಿಸುತ್ತೇವೆ ಅಂತಾರೆ.

ನಟ್ಟುಬೋಲ್ಟು
ಅಂದಾಜು ಪಟ್ಟಿ 2ಕ್ಕಿಂತ ಕಡಿಮೆ ಬಂದರೂ ಬೇಡ ಅಂತೀನಿ. ಬಿಚ್ಚಿದಾಗಲೇ ಗೊತ್ತಾಗುವುದು ಬಾಡಿಯ ಮೌಂಟಿಂಗ್ (ಬೀಮ್ ಬಿಗಿಯುವ ಜಾಗ) ಜರುಗಿದೆಯಾ ಇಲ್ಲವಾ ಅಂತ. ಆ ಹೊರೆ ನಿಮ್ಮ ತಲೆಗೆ ಯಾಕೆ?

ನಿಧಾನಗಾಡಿ
ಆ ಸರ್ಟಿಫೈಡ್ ಗಾಡಿ ನೋಡಲು ಹೋಗುವಾಗ ಗೇಜ್ ಮರೆಯಬೇಡಿ. ತಪಾಸಣೆ ಪಟ್ಟಿ ಪೂರ್ತಿ ಕೇಳಿ, ಬರೀ ಕೊನೆಯ ಪುಟದ ಸಹಿ ಅಲ್ಲ. ಸಣ್ಣ ಪೆಟ್ಟು ರಿಪೇರಿಯಾದ ಗಾಡಿಗೂ ಸರ್ಟಿಫಿಕೇಟ್ ಕೊಡುವ ಯೋಜನೆಗಳು ಎಷ್ಟೋ ಇವೆ. ಅಲೈನ್‌ಮೆಂಟ್ ಪ್ರಿಂಟ್ ಅಲ್ಲಿಯೂ ತೆಗೆಸಿ, ಈ ಗಾಡಿಯ ಪ್ರಿಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿ.